ನಾಲ್ಕು ಗಂಟು ನೂಲಿನ ತೂಕ

ನನ್ನ ತಮ್ಮನನ್ನು ನಾವು ನೂಲು ತೂಗುವ ತಕ್ಕಡಿಯಲ್ಲಿ ತೂಗುತ್ತಿದ್ದೆವು. ನಗಬೇಡಿ, ಖರೇನೇ ಹೇಳುತ್ತಿದ್ದೇನೆ. ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಕೈಮಗ್ಗಗಳಿದ್ದವು. ಮಗ್ಗದ ಪಡಸಾಲೆಯ ತೊಲೆಗೆ ದೊಡ್ಡ ತಕ್ಕಡಿ ನೇತಾಡುತ್ತಿತ್ತು. ಅದರ ಒಂದು ಹಲಗೆಯ ಮೇಲೆ ಕೌದಿ ಮಡಚಿ ಹಾಸಿ ಅವನನ್ನು ಕೂಡಿಸುವುದು, ಇನ್ನೊಂದರ ಮೇಲೆ ಹತ್ತು ಪೌಂಡಿನ ನೂಲಿನ ಗಂಟುಗಳನ್ನು ಒಂದೊಂದಾಗಿ ಇಡುವುದು. ಹುಣ್ಣಿಮೆ ಬಂತೆಂದರೆ ಬೆಳಿಗ್ಗೆ ಮನೆಯಲ್ಲಿ ಇದೇ ಸಂಭ್ರಮ. ಮಗ್ಗಗಳು ಬಂದ್. ನೇಯುವವರು ಲಾಳಿ ಕೆಳಗಿಟ್ಟು ಎದ್ದು ಬರುತ್ತಿದ್ದರು. ನಾನಂತೂ ಮುಖ ತೊಳೆಯುವ ಮೊದಲೇ ತಕ್ಕಡಿಯ ಬುಡದಲ್ಲಿ ಹಾಜರ್.

ಆಗ ಸಂಸ್ಥಾನ ಹೋಗಿ ನಮ್ಮೂರು ಮುಂಬಯಿ ಸರಕಾರಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ನನಗೆ ಹತ್ತು, ತಮ್ಮನಿಗೆ ಆರು. ಅವನಿಗೆ ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ಕಾಯಿಲೆ. ನಮಗೆ ತರಚಿದರೆ ಮಣ್ಣು ಒರೆಸಿಕೊಂಡು ಓಡುತ್ತಿದ್ದೆವು. ಅವನಿಗೆ ತರಚಿದರೆ ಮನೆಮಂದಿಯೆಲ್ಲ ಸರದಿಯ ಮೇಲೆ ಅರಿವೆ ಒತ್ತಿ ಹಿಡಿದು ಕೂಡಬೇಕು. ಗಾಯವೇ ಇಲ್ಲದೆ ಮೊಣಕಾಲು ಊದಿ ಬಿಸಿಯಾಗುತ್ತಿತ್ತು. ಅವ್ವನ ತಮ್ಮನೊಬ್ಬ ಮುಧೋಳದಲ್ಲಿ ಇದೇ ಕಾಯಿಲೆಯಿಂದ ಎಂಟನೆಯ ವಯಸ್ಸಿಗೇ ತೀರಿಕೊಂಡಿದ್ದ. ಅದನ್ನು ಹಿಡಿದುಕೊಂಡು ಅಪ್ಪನ ತಾಯಿ, ನಮ್ಮ ಆಯಿ, "ನಿನ್ನ ತವರಮನಿಯಿಂದ ಬಂದ ಬ್ಯಾನಿ ಇದು" ಎಂದು ಅವ್ವನಿಗೆ ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದಳು. ಅವ್ವ ತುಟಿ ಪಿಟ್ಟೆನ್ನುತ್ತಿರಲಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಆಯಿಗೆ ಎದುರು ಮಾತಾಡಿ ಎಷ್ಟು ಸಲ ಕಿವಿ ಹಿಂಡಿಸಿಕೊಂಡಿದ್ದೇನೋ!

ಹಾಗಂತ ಆಯಿಗೆ ಮೊಮ್ಮಗನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರಾಣವನ್ನೇ ಇಟ್ಟುಕೊಂಡಿದ್ದಳು. ಆದರೆ ಅವಳ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು. "ರಕ್ತ ಹೆಚ್ಚಾದ್ರ ತುಂಬಿ ಹೊರಗ ಹರೀತೈತಿ. ರಕ್ತ ಮಾಡೂದು ಯಾವುದೂ ಇವನ ಹೊಟ್ಟಿಗೆ ಹಾಕಬ್ಯಾಡ್ರಿ." ಹಾಗಾಗಿ ಬೆಲ್ಲ ಬಂದ್, ಶೇಂಗಾ ಬಂದ್, ಎಳ್ಳು ಬಂದ್. ಮೆಂತ್ಯ, ನುಗ್ಗೆಸೊಪ್ಪು ಉಷ್ಣವೆಂದು ಬಂದ್. ಕೆಂಪಗಿದೆ ಎಂಬ ಒಂದೇ ತಪ್ಪಿಗೆ ಗಜ್ಜರಿ, ಟೊಮೆಟೊ ಕೂಡ ಬಂದ್! ಉಳಿದಿದ್ದು ಗಂಜಿ. ಮೂರು ಹೊತ್ತೂ ಗಂಜಿ. ನೇಕಾರರ ಮನೆಯ ಮುದುಕಿ ಬೇರೆ. ನೂಲಿಗೆ ಗಂಜಿ ಕುಡಿಸುವುದನ್ನು ಜೀವಮಾನವೆಲ್ಲ ನೋಡಿದವಳು. "ಗಂಜಿ ಹಾಕಿದ ಎಳಿ ಮಗ್ಗದಾಗ ಎಷ್ಟ ಜಗ್ಗಿದ್ರೂ ಹರಿಯೂದಿಲ್ಲ. ಹುಡುಗನೂ ಹಂಗ ಗಟ್ಟಿ ಆಗ್ತಾನ ತಗೋ" ಅನ್ನುತ್ತಿದ್ದಳು. ಅಪ್ಪನೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಅವನೂ ಅದೇ ಕಸುಬಿನವನಲ್ಲವೇ! ಗಂಜಿ ಕುಡಿದು ಕುಡಿದು ನನ್ನ ತಮ್ಮ ಒಗೆದ ಅರಿವೆಯಂತೆ ಬೆಳ್ಳಗಾಗಿದ್ದ. ಹೊಸ್ತಿಲಿನಿಂದ ಬಾವಿಕಟ್ಟೆಯವರೆಗೆ ನಡೆದರೆ ಏದುಸಿರು.

ಅವನಿಗಿದ್ದ ಹುಚ್ಚು ಒಂದೇ, ಸಾಲಿಗೆ ಹೋಗುವುದು. ನಾನು ಸಾಲಿಯಿಂದ ಬಂದ ಕೂಡಲೇ ನನ್ನ ಪಾಟಿ ಕಸಿದುಕೊಂಡು ಆ ದಿನ ಕಲಿಸಿದ್ದನ್ನೆಲ್ಲ ನನ್ನಿಂದ ಕಕ್ಕಿಸುತ್ತಿದ್ದ. ಮಗ್ಗಿ ನನಗಿಂತ ಚೆನ್ನಾಗಿ ಅವನಿಗೇ ಬರುತ್ತಿತ್ತು. ಇದನ್ನು ನಾನು ಆಗ ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ. "ಸಾಲಿಗೆ ಕಳಸ್ರಿ ಅಪ್ಪಾ" ಅಂದರೆ ಅಪ್ಪ ಮಗ್ಗದ ಕಡೆ ಮುಖ ತಿರುಗಿಸುತ್ತಿದ್ದ.

ಆ ದೀಪಾವಳಿಯ ಮುಂದೆ ಮೂಗಿನಿಂದ ರಕ್ತ ಸೋರಿ ಎರಡು ದಿನ ನಿಲ್ಲಲಿಲ್ಲ. ಚಕ್ಕಡಿಯಲ್ಲಿ ನಾಲ್ಕು ಕೌದಿ ಹಾಸಿ ಜಮಖಂಡಿಗೆ ಕರೆದುಕೊಂಡು ಹೋದೆವು. ಅಲ್ಲೊಬ್ಬ ಡಾಕ್ಟರು ಮುಂಬಯಿಯಲ್ಲಿ ಕಲಿತು ಬಂದಿದ್ದರು. ತಮ್ಮನ ಕೆಳಗಿನ ರೆಪ್ಪೆ ಎಳೆದು ನೋಡಿ, ಅವರು ಮೊದಲು ಕೇಳಿದ್ದು ಊಟದ ವಿಚಾರ.

"ಹುಡುಗನಿಗೆ ಏನ ಉಣ್ಣಿಸ್ತೀರಿ?"

"ಗಂಜಿರಿ" ಎಂದ ಅಪ್ಪ.

"ಮತ್ತ?"

"ಹಾಲು ಗಂಜಿರಿ."

"ಮತ್ತ?"

"ಮಜ್ಜಿಗಿ ಹಾಕಿದ ಗಂಜಿರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಯಿಯ ಲೆಕ್ಕವನ್ನು ಅಪ್ಪ ವಿವರಿಸಿದ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಕೊಡಕ್ಕ ಸಣ್ಣ ತೂತು ಬಿದ್ದದ ಅಂತ ನೀರು ತುಂಬೂದ ಬಿಟ್ರ ಮನ್ಯಾಗ ಕುಡೀಲಿಕ್ಕೆ ಏನುಳೀತದ ಹೇಳ್ರಿ? ಊಟದಿಂದ ಈ ರೋಗ ಹೋಗೂದಿಲ್ಲ, ಸುಳ್ಳ ಯಾಕ ಹೇಳಲಿ. ಸೋರೂದು ಸೋರತದ. ಆದ್ರ ಸೋರಿದ್ದನ್ನ ಮೈ ಮತ್ತ ತುಂಬಿಕೋಬೇಕಲ್ಲ, ಅದಕ್ಕ ಬೆಲ್ಲ ಬೇಕು, ಶೇಂಗಾ ಬೇಕು, ಕಾಳು ಬೇಕು, ಮೆಂತ್ಯ, ನುಗ್ಗಿ ಇಂಥಾ ತಪ್ಪಲ ಪಲ್ಯ ಬೇಕು. ಪಲ್ಯದ ಮ್ಯಾಲೆ ನಿಂಬಿಹಣ್ಣು ಹಿಂಡ್ರಿ. ಊಟದ ಜೋಡಿ ಚಹಾ ಬ್ಯಾಡ. ಗಟ್ಟಿ ಇದ್ದದ್ದು, ಚುಚ್ಚೂವಂಥದ್ದು ಬಾಯಿಗೆ ಕೊಡಬ್ಯಾಡ್ರಿ, ವಸಡು ಹರೀತದ. ಹಂಗಂತ ತುಪ್ಪ ಸುರದು ಗುಂಡಗ ಮಾಡಬ್ಯಾಡ್ರಿ ಮತ್ತ, ಭಾರ ಆದ್ರ ಮೊಣಕಾಲಿಗೆ ತ್ರಾಸು." ಆಮೇಲೆ ಅವ್ವನ ಕಡೆ ತಿರುಗಿ ಹೇಳಿದರು, "ತಾಯಿ ಕಡಿಂದ ಬರೂ ರೋಗ ಖರೆ. ಆದ್ರ ಇದರಾಗ ನಿಮ್ಮ ತಪ್ಪು ಏನೂ ಇಲ್ಲ ತಂಗಿ." ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗಂತೂ ಆ ಮಾತನ್ನು ಒಂದು ಪಾಟಿಯ ಮೇಲೆ ಬರೆದು ಆಯಿಯ ಕೊರಳಿಗೆ ಕಟ್ಟಬೇಕೆನಿಸಿತು!

ತಮ್ಮ, ಮೂಗಿನ ಹತ್ತಿಯನ್ನು ಹಾಗೇ ಇಟ್ಟುಕೊಂಡು, ಕೇಳಿದ, "ನಾ ಸಾಲಿಗೆ ಹೋಗಬಹುದೇನ್ರಿ?"

"ಯಾಕ ಹೋಗಬಾರದು? ಮೈಯಾಗ ಕಸುವು ಬರಲಿ, ತೂಕ ಹೆಚ್ಚಾಗಲಿ, ಹೋಗು."

ಅಪ್ಪ ಮನೆಗೆ ಬಂದವನೇ ತಮ್ಮನನ್ನು ತಕ್ಕಡಿಯಲ್ಲಿ ಕೂಡಿಸಿದ. ಮೂರೂವರೆ ಗಂಟು ನೂಲು. ಅಷ್ಟೇ! ಅಪ್ಪ ಗಂಟುಗಳನ್ನು ಕೆಳಗಿಳಿಸುತ್ತ ಹೇಳಿದ, "ಜೂನದಾಗ ಸಾಲಿ ತಗಿಯೂದ್ರೊಳಗ ನಾಕು ಗಂಟು ತೂಗಿದಿ ಅಂದ್ರ ಕಳಸ್ತೀನಿ. ಇಲ್ಲಂದ್ರ ಸಾಲಿ ಸುದ್ದಿ ತಗೀಬಾರದು." ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು, ಹಿಂದೆ ಸರಿಯುವ ಮನುಷ್ಯನಲ್ಲ. ತಮ್ಮನ ಕಣ್ಣು ಇಷ್ಟಗಲ ಆದವು. ನಾನು ಬೆರಳು ಮಡಚಿ ಎಣಿಸಿದೆ. ಏಳು ತಿಂಗಳು, ಅರ್ಧ ಗಂಟು.

ಆಹಾ, ಆ ಏಳು ತಿಂಗಳು! ನಮ್ಮ ಅಡುಗೆಮನೆಗೆ ಜೀವ ಬಂದಿತು. ಎಂದೂ ಮಾತಾಡದ ಅವ್ವ ಬೆಳಿಗ್ಗೆ ಎದ್ದರೆ ನನಗೆ ಹುಕುಂ ಕೊಡುತ್ತಿದ್ದಳು, ಮೆಂತ್ಯ ಸೋಸು, ಹೆಸರುಕಾಳು ನೆನೆಹಾಕು, ಹಿತ್ತಲ ನುಗ್ಗೆ ತಪ್ಪಲು ತಾ. ನಾವೆಲ್ಲ ತಿನ್ನುವ ಕಡಕ ರೊಟ್ಟಿ ಅವನಿಗೆ ಆಗದು, ಅದರ ಅಂಚು ವಸಡಿಗೆ ಚೂರಿ. ಅದಕ್ಕೆ ಅವ್ವ ಹಂಚಿನ ಮೇಲಿಂದ ದಪ್ಪ ಜೋಳದ ರೊಟ್ಟಿ ಇಳಿಸಿ, ಬಿಸಿ ಇರುವಾಗಲೇ ಬೆಳ್ಳುಳ್ಳಿ, ಜೀರಿಗೆ, ಒಂದು ಚೂರು ಎಣ್ಣೆ ಹಾಕಿ ಅಂಗೈಯಿಂದ ಜಜ್ಜಿ ಜಜ್ಜಿ ಮುಟಗಿ ಮಾಡುತ್ತಿದ್ದಳು. ಕೈ ಸುಟ್ಟರೂ ಬಿಡುತ್ತಿರಲಿಲ್ಲ. ಬೆಣ್ಣೆಯಂಥ ಮುಟಗಿ! ನನಗೂ ಬಾಯಲ್ಲಿ ನೀರು. ಹುಣ್ಣಿಮೆಗೆ ಶೇಂಗಾ ಹೋಳಿಗೆ. ತಮ್ಮ ಮೊದಮೊದಲು ಎರಡು ತುತ್ತಿಗೇ ಕೈ ತೊಳೆಯುತ್ತಿದ್ದ. ನಾನು ಎದುರು ಕೂತು, "ಈ ತುತ್ತು ಉಂಡ್ರ ಒಂದ ಅಕ್ಷರ" ಎಂದು ವ್ಯವಹಾರ ಕುದುರಿಸಿದೆ. ಹೀಗೆ ಉಣ್ಣುತ್ತ ಉಣ್ಣುತ್ತ ಕಾಗುಣಿತ ಮುಗಿಸಿಬಿಟ್ಟ.

ಆಯಿ ಮಾತ್ರ ಪಡಸಾಲೆಯ ಮೂಲೆಯಲ್ಲಿ ಕುಟ್ಟಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಗೊಣಗುತ್ತಿದ್ದಳು. ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. "ತುಂಬ್ರಿ ತುಂಬ್ರಿ, ರಕ್ತ ತುಂಬ್ರಿ. ಒಡದಾಗ ಗೊತ್ತಾಕೈತಿ."

ಮೊದಲ ಹುಣ್ಣಿಮೆಗೆ ತಕ್ಕಡಿ ಮಿಸುಕಲಿಲ್ಲ. ನಾನು ಅತ್ತೇಬಿಟ್ಟೆ. ಎರಡನೆಯ ಹುಣ್ಣಿಮೆಗೆ ಅಪ್ಪ ಮೂರೂವರೆ ಗಂಟಿನ ಮೇಲೆ ಹತ್ತು ಲಡಿ, ಅಂದರೆ ನೂಲಿನ ಸಣ್ಣ ಸುರುಳಿ, ಇಟ್ಟ, ತಮ್ಮನ ಹಲಗೆ ಮೇಲೇಳಲಿಲ್ಲ. ಇನ್ನೂ ಹತ್ತು ಲಡಿ ಇಟ್ಟ, ಆಗ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು! ನೇಯುವವರೆಲ್ಲ "ಹೋ" ಎಂದರು. ನಾನು ಓಣಿಯ ತುದಿಯವರೆಗೆ ಓಡಿ, ಸುಮ್ಮನೆ ವಾಪಸ್ಸು ಓಡಿ ಬಂದೆ.

ಮಾಘ ಮಾಸದಲ್ಲಿ ಅಜ್ಜ, ಅಂದರೆ ಅವ್ವನ ಅಪ್ಪ, ಅವ್ವನನ್ನೂ ನಮ್ಮಿಬ್ಬರನ್ನೂ ಮುಧೋಳಕ್ಕೆ ಕರೆಸಿಕೊಂಡ. ಅವನ ಹೊಲದಲ್ಲಿ ಕಬ್ಬಿನ ಗಾಣ ಹೂಡಿದ್ದರು. ಎತ್ತುಗಳು ಸುತ್ತುತ್ತಿದ್ದವು, ದೊಡ್ಡ ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲವಾಗುತ್ತಿತ್ತು, ಆ ವಾಸನೆಗೆ ನಮಗೆ ಕಾಲೇ ನಿಲ್ಲುತ್ತಿರಲಿಲ್ಲ. ತಮ್ಮನಿಗೆ ಕಬ್ಬಿನ ಹಾಲಿಗೆ ನಿಂಬೆ ಹಿಂಡಿ ಕೊಟ್ಟರು, ಆರಿಸಿದ ಜೋನಿ ಬೆಲ್ಲವನ್ನು ರೊಟ್ಟಿಯ ಮೆದುವಾದ ನಡುವಿಗೆ ಸವರಿ ಕೊಟ್ಟರು. ಉಳಿದ ಹುಡುಗರೆಲ್ಲ ಕಬ್ಬು ಹಲ್ಲಿನಿಂದ ಸಿಗಿದು ಚಪ್ಪರಿಸುತ್ತಿದ್ದರು. ಇವನು ಲೋಟ ಹಿಡಿದು ಅವರನ್ನೇ ನೋಡುತ್ತಿದ್ದ.

"ಅಕ್ಕಾ, ನಾ ಒಮ್ಮೆನೂ ಕಬ್ಬ ಕಡದಿಲ್ಲ."

ಎಷ್ಟು ಸಣ್ಣ ಧ್ವನಿಯಲ್ಲಿ ಹೇಳಿದ! ತಿಂಗಳಿಂದ ತಿಂಗಳಿಗೆ ತೂಕ ಏರುತ್ತಿದ್ದ ಸೊಕ್ಕು ನನ್ನ ತಲೆಗೇರಿತ್ತು. ಈಗ ಇವನು ಗಟ್ಟಿಯಾಗಿದ್ದಾನೆ, ಒಂದು ಚೂರಿಗೆ ಏನಾದೀತು ಅಂದುಕೊಂಡೆ. ಬಣವೆಯ ಹಿಂದೆ ಕೂಡಿಸಿ, ಕುಡಗೋಲಿನಿಂದ ಸಿಪ್ಪೆ ತೆಗೆದು, ಬೆರಳು ಗಾತ್ರದ ಚೂರು ಕೊಟ್ಟೆ. ಅವನು ಕಡಿದ. ಆ ಮುಖ! ನಾನು ಆಮೇಲೆ ಮದುವೆಮನೆ ಕಂಡೆ, ಮೊಮ್ಮಕ್ಕಳ ಮುಖ ಕಂಡೆ, ಅಂಥ ಸಂತೋಷದ ಮುಖ ಇನ್ನೊಂದು ಕಂಡಿಲ್ಲ. ಎರಡನೆಯ ಚೂರು ಕೇಳಿದ, ಕೊಟ್ಟೆ. ಮೂರನೆಯದನ್ನು ಕಡಿದು ಬಾಯಿಂದ ತೆಗೆದಾಗ ಕೆಳಗಿನ ಮುಂದಿನ ಹಾಲುಹಲ್ಲು ಕಬ್ಬಿಗೇ ಸಿಕ್ಕಿಕೊಂಡು ಬಂದಿತ್ತು. ಅದು ಅಲುಗುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಬಿಳಿ ಕಬ್ಬಿನ ಮೇಲೆ ರಕ್ತ. ನಾನು ಆ ಕಬ್ಬನ್ನು ಬಣವೆಯೊಳಗೆ ತುರುಕಿ, "ಅವ್ವಾ, ಹಲ್ಲು ಬಿತ್ತು" ಎಂದು ಕೂಗಿದೆ. ಹೇಳಿದ್ದು ಅಷ್ಟೇ.

ರಕ್ತ ನಿಲ್ಲಲಿಲ್ಲ. ನಿಂತಂತಾಗಿ ಮತ್ತೆ ಸುರುವಾಗುತ್ತಿತ್ತು. ಮರುದಿನ ಬೆಳಕು ಹರಿಯುತ್ತಲೇ ಚಕ್ಕಡಿಯಲ್ಲಿ ಜಮಖಂಡಿಗೆ ಹೊರಟೆವು. ಅವ್ವ ದಾರಿಯುದ್ದಕ್ಕೂ ಹತ್ತಿಯ ಉಂಡೆ ಒತ್ತಿ ಹಿಡಿದಿದ್ದಳು. ತಮ್ಮ ಮಾತಾಡಲಾಗದೆ ನನ್ನ ಕಡೆ ನೋಡಿ ಕಣ್ಣಲ್ಲೇ 'ಹೇಳಬ್ಯಾಡ' ಅನ್ನುತ್ತಿದ್ದ. ನಾನು ಚಕ್ಕಡಿಯ ಹೊರಗೆ ಮುಖ ತಿರುಗಿಸಿಕೊಂಡೆ. ಡಾಕ್ಟರು ಹಲ್ಲು ಬಿದ್ದ ಕುಳಿಗೆ ಔಷಧದ ಅರಿವೆ ತುಂಬಿ, ತಣ್ಣನೆಯ ಹಾಲು, ಆರಿದ ಅಂಬಲಿ ಬಿಟ್ಟು ಬೇರೇನೂ ಕೊಡಬಾರದೆಂದು ಹೇಳಿ ಅವನನ್ನು ದವಾಖಾನೆಯಲ್ಲೇ ಇಟ್ಟುಕೊಂಡರು. ಮೂರನೆಯ ದಿನ ರಕ್ತ ನಿಂತಿತು. ಅದೇ ಹೊತ್ತಿಗೆ ಬನಹಟ್ಟಿಯಿಂದ ಅಪ್ಪ ಮತ್ತು ಆಯಿ ಬಂದಿಳಿದರು.

ಆಯಿ ಹೊಸ್ತಿಲಲ್ಲೇ ಸುರುಮಾಡಿದಳು. "ನೋಡ್ರಿ ಡಾಕ್ಟರ, ನೀವು ಹೇಳಿದಂಗ ಉಣಿಸಿದ್ರು. ತುಂಬಿತು, ಹರೀತು. ನಾ ಮೊದಲ ಹೇಳಿದ್ನಿ! ಈಕಿ ತಮ್ಮನೂ ಹಿಂಗ ಹ್ವಾದ." ಅವ್ವ ತಲೆ ತಗ್ಗಿಸಿ ನಿಂತಳು. ಅಪ್ಪ ನಿಧಾನಕ್ಕೆ ಹೇಳಿದ, "ಸಾಕ್ರಿ. ಇನ್ನ ಮ್ಯಾಲೆ ಗಂಜಿನ ಕೊಡ್ತೀವಿ. ಸಾಲಿನೂ ಬ್ಯಾಡ, ಏನೂ ಬ್ಯಾಡ. ಹುಡುಗ ಉಳದ್ರ ಸಾಕು."

ನಾನು ಸುಮ್ಮನಿದ್ದರೆ ನನಗೆ ಏಟಿಲ್ಲ. ಆದರೆ ತಮ್ಮನಿಗೆ ಮತ್ತೆ ಗಂಜಿ, ಮತ್ತೆ ಆ ಬಿಳಿ ಮುಖ. ಮಂಚದ ಮೇಲೆ ಅವನು ಗೋಡೆಯ ಕಡೆ ಹೊರಳಿದ್ದ. ಹೊದಿಕೆ ಅಲುಗುತ್ತಿತ್ತು, ಅಳುತ್ತಿದ್ದ.

"ಊಟದಿಂದ ಅಲ್ಲ!" ನಾನು ಕಿರುಚಿದೆ. "ಕಬ್ಬಿನಿಂದ! ಕಬ್ಬ ಕೊಟ್ಟಾಕಿ ನಾನು! ಬಣವಿ ಹಿಂದ ಕೂಡ್ರಿಸಿ ಕೊಟ್ಟೀನಿ. ಹಲ್ಲು ತಾನಾಗೇ ಬಿದ್ದಿಲ್ಲ. ಅವ್ವಗ ಯಾಕ ಬೈತಿ ಬೇ ಆಯಿ? ನನಗ ಬೈ!"

ಅಪ್ಪನ ಕೈ ಮೇಲೆದ್ದಿತು. ಡಾಕ್ಟರು ಅದನ್ನು ನೋಡದವರಂತೆ ನಡುವೆ ಬಂದು ಆಯಿಯ ತೋಳು ಹಿಡಿದು ಮಂಚದ ಹತ್ತಿರ ಕರೆದೊಯ್ದರು. ತಮ್ಮನ ರೆಪ್ಪೆ ಕೆಳಗೆಳೆದು ತೋರಿಸಿದರು.

"ಬರ್ರಿ ಇಲ್ಲೆ, ನೀವ ನೋಡ್ರಿ. ಎಂಥಾ ಬಣ್ಣ ಅದ?"

"ಗುಲಾಬಿ" ಎಂದಳು ಆಯಿ, ಅನುಮಾನದಿಂದ.

"ದೀಪಾವಳಿ ಮುಂದ ಇದು ಹತ್ತಿ ಹಂಗ ಬೆಳ್ಳಗಿತ್ತು. ಮೂರು ದಿವಸ ರಕ್ತ ಹೋದ ಮ್ಯಾಲೂ ಇಷ್ಟ ಬಣ್ಣ ಉಳದದ. ಅವತ್ತಿನ ಹುಡುಗ ಆಗಿದ್ರ ಈ ಮೂರು ದಿವಸ ತಡೀತಿದ್ದಿಲ್ರಿ ಅಜ್ಜಿ. ನಿಮ್ಮ ಸೊಸಿ ಉಣಿಸಿದ ಊಟ ಇವನ್ನ ಉಳಿಸೇದ."

ಆಯಿ ಮೊಮ್ಮಗನ ಕಣ್ಣು ನೋಡಿದಳು, ಅವ್ವನ ಮುಖ ನೋಡಿದಳು. ಡಾಕ್ಟರು ತಮ್ಮನಿಗೆ ಬಗ್ಗಿ ಕೇಳಿದರು, "ಏನಪಾ, ಕಬ್ಬು ರುಚಿ ಇತ್ತೇನು?"

"ಭಾಳ ಸಿಹಿ ಇತ್ತರಿ" ಎಂದ ಅವನು, ಹಲ್ಲಿಲ್ಲದ ಬಾಯಿಂದ. ಅಪ್ಪನ ಕೈ ಕೆಳಗಿಳಿಯಿತು. ಮನೆಗೆ ಹೋದ ಮೇಲೆ ನನಗೆ ಎರಡು ಬಿದ್ದವು, ಅದು ಬೇರೆ ಮಾತು. ನ್ಯಾಯವಾಗಿಯೇ ಬಿದ್ದವು.

ಮರುದಿನ ಬೆಳಿಗ್ಗೆ ಪಡಸಾಲೆಗೆ ಬಂದು ನೋಡುತ್ತೇನೆ, ಆಯಿ ತನ್ನ ಕುಟ್ಟಣಿಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಾಳೆ. ಎಲೆ ಅಡಿಕೆ ಬಿಟ್ಟು ಬೇರೇನನ್ನೂ ಕಾಣದ ಕುಟ್ಟಣಿ! ಅದರಲ್ಲಿ ಹುರಿದ ಶೇಂಗಾ, ಬೆಲ್ಲ ಹಾಕಿ ನುಣ್ಣಗೆ ಕುಟ್ಟತೊಡಗಿದಳು. ನಾನು ಪಿಳಿಪಿಳಿ ನೋಡುತ್ತಿದ್ದರೆ, "ಏನ ನೋಡ್ತಿ ಬೇ? ಅವಗೂ ಹಲ್ಲಿಲ್ಲ, ನನಗೂ ಹಲ್ಲಿಲ್ಲ. ಮೆತ್ತಗ ಹೆಂಗ ಮಾಡಬೇಕಂತ ನಿಮ್ಮವ್ವಗೇನ ಗೊತ್ತು" ಎಂದು ಗದರಿಸಿದಳು. ನಾಲ್ಕಾರು ತಿಂಗಳು ಅವಳು ಎಲೆ ಅಡಿಕೆ ಮುಟ್ಟಲಿಲ್ಲ.

ಕೊನೆಯ ತೂಕದ ದಿನ ಬಂದೇ ಬಂದಿತು. ಮರುದಿನ ಸಾಲಿ ತೆರೆಯುವುದು. ತಮ್ಮ, ಹೊಸ ಅಂಗಿ ತೊಟ್ಟು, ಪಾಟಿ ಎದೆಗವಚಿಕೊಂಡು ಬಂದ. ಅಪ್ಪ ಪಾಟಿ ಕಸಿದು ಕೆಳಗಿಟ್ಟ. ಅವನ ಹತ್ತಿರ ಮೋಸ ನಡೆಯದು. ಹಲಗೆಯ ಮೇಲೆ ಕೂಡಿಸಿದ. ಒಂದು ಗಂಟು, ಎರಡು, ಮೂರು. ನಾಲ್ಕನೆಯದನ್ನು ಇಟ್ಟಾಗ ನಾನು ಕಣ್ಣು ಮುಚ್ಚಿದೆ. ತೆರೆದರೆ ತಮ್ಮನ ಹಲಗೆ ಒಂದಿಷ್ಟು ಮೇಲೇ ನಿಂತಿದೆ! ಅಪ್ಪ ನಾಲ್ಕನೆಯ ಗಂಟಿನಿಂದ ಒಂದೊಂದೇ ಲಡಿ ತೆಗೆದ. ನಾಲ್ಕನೆಯ ಲಡಿ ತೆಗೆದಾಗ ಮುಳ್ಳು ನೆಟ್ಟಗಾಯಿತು.

"ನಾಕು ಲಡಿ ಕಮ್ಮಿ" ಎಂದ ಅಪ್ಪ. ಆ ನಾಲ್ಕು ಲಡಿಯನ್ನು ಮತ್ತೆ ಗಂಟಿನ ಮೇಲಿಟ್ಟ. ತಮ್ಮನ ಹಲಗೆ ಮೇಲೇರಿತು. ಅವನು ಕೆಳಗಿಟ್ಟ ಪಾಟಿಯ ಕಡೆ ನೋಡಿದ.

"ತಡೀಯೋ!" ಅಡುಗೆಮನೆಯಿಂದ ಆಯಿ ಬಂದಳು. ಓಡಿಯೇ ಬಂದಳು ಅನ್ನಬೇಕು. ಕೈಯಲ್ಲಿ ಅಂಗೈಗಿಂತ ದೊಡ್ಡ ಶೇಂಗಾ ಹೋಳಿಗೆ. "ಹುಡುಗ ಇನ್ನೂ ಉಂಡಿಲ್ಲ. ಉಣ್ಣಲಾರದ ಹುಡುಗನ್ನ ತೂಗ್ತಾರೇನು ಯಾರರ? ತಗೋ ಲೇ, ಅಲ್ಲೇ ಕುಂತು ತಿನ್ನು."

ತಮ್ಮನ ಕೈಗೆ ಹೋಳಿಗೆ ಬಿತ್ತು. ಅವನು ಗಬಗಬ ತಿನ್ನತೊಡಗಿದ. ಮೊದಲ ತುತ್ತು ಒಳಗೆ ಹೋಗುವಷ್ಟರಲ್ಲೇ ಹಲಗೆ ಮೆಲ್ಲಗೆ, ಮೆಲ್ಲಗೆ ಇಳಿದು ಎದುರಿನ ಹಲಗೆಗೆ ಸರಿಯಾಗಿ ನಿಂತಿತು! ನೇಯುವವರು ಚಪ್ಪಾಳೆ ಹೊಡೆದರು, ನಾನು ಕುಣಿದೆ, ಅಪ್ಪ ತಕ್ಕಡಿಯ ಸರಪಳಿ ಹಿಡಿದುಕೊಂಡು ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. "ಆತವ್ವಾ, ಆತು. ನಾಕು ಗಂಟು ಆತು."

ಮರುದಿನ ಮುಂಜಾನೆ ಅಪ್ಪ ಮಾಸ್ತರರಿಗೆ ಎಲ್ಲ ಹೇಳಿ ಬರಲೆಂದು ತಾನೇ ತಮ್ಮನ ಕೈ ಹಿಡಿದು ಹೊರಟ. ಅಡುಗೆಮನೆಯಲ್ಲಿ ಅವ್ವ ಅವನ ಬುತ್ತಿ ಕಟ್ಟುತ್ತಿದ್ದಳು, ಮುಟಗಿ, ಪಲ್ಯ, ನಿಂಬೆಯ ಹೋಳು, ಆಯಿ ಕುಟ್ಟಿದ ಶೇಂಗಾ ಬೆಲ್ಲ. ನಾನು ಪಕ್ಕದಲ್ಲಿ ಕುಣಿಯುತ್ತ ನಿಂತಿದ್ದೆ. ಅವ್ವ ತಲೆಯೆತ್ತದೆ ಹೇಳಿದಳು, "ನಾನೂ ನಿನ್ನಂಗ ಅಕ್ಕನ ಇದ್ನಿ ಮಗಳ. ನನ್ನ ತಮ್ಮಗ ದಿನಾ ಗಂಜಿ ಕುಡಸ್ತಿದ್ದಾಕಿ ನಾನ. ಶೇಂಗಾ ಬೇಡಿ ಕೈ ಚಾಚಿದ್ರ ಆ ಕೈ ಮ್ಯಾಲೆ ಹೊಡೀತಿದ್ನಿ. ಉಳೀಲಿ ಅಂತ ಹೊಡೀತಿದ್ನಿ."

ನಾನು ಕುಣಿಯುವುದನ್ನು ನಿಲ್ಲಿಸಿದೆ. ಅಷ್ಟರಲ್ಲಿ ಓಣಿಯಿಂದ ತಮ್ಮನ ಕೂಗು ಕೇಳಿತು, "ಅಕ್ಕಾ, ಗಂಟಿ ಹೊಡದ್ರು, ಬುತ್ತಿ ತಾ ಲಗೂ!"

ಅವ್ವ ಕಟ್ಟಿದ್ದ ಬುತ್ತಿಯನ್ನು ಮತ್ತೆ ಬಿಚ್ಚಿ, ಇನ್ನೊಂದು ಹಿಡಿ ಶೇಂಗಾ ಬೆಲ್ಲ ಹಾಕಿ, ಬಿಗಿಯಾಗಿ ಕಟ್ಟಿ ನನ್ನ ಕೈಗೆ ಕೊಟ್ಟಳು. ನಾನು ಓಡಿದೆ.